ಮಶೀನ್ ಸೆಕ್ಷನ್ನಿನ ಬಾಣಂತಿ ಹೊರಸು

"ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ ನೋಡವಾ" ಎಂದು ಯಾರಾದರೂ ಮಾತು ಶುರು ಮಾಡಿದರೆ ನನ್ನ ಕಿವಿ ಇವತ್ತಿಗೂ ನೆಟ್ಟಗಾಗುತ್ತದೆ. ಹೇಳುವವರು ಬೀಗರಿರಲಿ, ಡಾಕ್ಟರಿರಲಿ, ಕಾಯಿಪಲ್ಲೆಯವಳೇ ಇರಲಿ. ನಮ್ಮ ಮನೆಯವರು ನಗುತ್ತಾರೆ: "ಈಕಿ ಮುಂದ ದೇವರು ಬಂದು ವರಾ ಕೊಡ್ತೇನಿ ಅಂದ್ರೂ, ಯಾರು ಕಳಿಸ್ಯಾರ ನಿನ್ನ ಅಂತ ಕೇಳ್ತಾಳ." ಕೇಳುತ್ತೇನೆ. ಯಾಕೆ ಕೇಳಬಾರದು? ನಾನು ಉಂಡ ಅನ್ನವೇ ಸಂಶಯದ್ದು. ಹುಬ್ಬಳ್ಳಿಯ ಒಂದು ದೊಡ್ಡ ಕಚೇರಿಯ ಮಶೀನ್ ಸೆಕ್ಷನ್ನಿನಲ್ಲಿ ನಾನು ವೆರಿಫೈಯರ್ ಆಗಿದ್ದೆ. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಇದ್ದೇ ಇದೆ ಎಂದು ತಿಳಿದು ಕೂಡುವುದೇ ಆ ನೌಕರಿ.

ಈಗ ನಮ್ಮ ಓಣಿಯ ಹುಡುಗಿಯರು ಕಂಪ್ಯೂಟರ್ ಕೆಲಸಕ್ಕೆ ಸೇರುತ್ತಿದ್ದಾರೆ. ಸಂದರ್ಶನಕ್ಕೆ ಹೋಗುವ ಮುಂಚೆ ಬಂದು, "ಅಮ್ಮಾರ, ನಿಮ್ಮ ಕಾಲದಾಗ ಹೆಂಗಿತ್ತರಿ?" ಎಂದು ಕೇಳುತ್ತಾರೆ. ಅವರಿಗೆ ಚಹಾ ಕೊಟ್ಟು ಅರ್ಧ ಹೇಳಿರುತ್ತೇನೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ. ಆದ್ದರಿಂದ ಇಡಿಯಾಗಿ ಬರೆದಿಡುತ್ತಿದ್ದೇನೆ. ಯಾವಾಗ ಯಾವ ಬಡ್ತಿ ಬಂತು ಎಂಬುದನ್ನು ಬಿಟ್ಟುಬಿಡುತ್ತೇನೆ, ಅದು ಪಿಂಚಣಿ ಕೊಡುವವರಿಗೆ ಗೊತ್ತಿದ್ದರೆ ಸಾಕು. ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿದ್ದವರಿಗೆ ಗೊತ್ತು, ಇಲ್ಲದವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ನನಗೆ ಮಾತು ಕಲಿಸಿದವಳು ಉಪ್ಪಿನಬೆಟಗೇರಿಯ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಯಾರಾದರೂ ಬಂದು "ಆಚೀ ಓಣಿ ಸಂಗವ್ವ ಹಿಂಗಂದ್ಲು" ಎಂದರೆ, "ಯಾರ ಮುಂದ ಅಂದ್ಲು? ನೀ ಅಲ್ಲಿದ್ದೇನು?" ಎಂದು ಕೇಳುವಳು. ಎರಡನೆಯ ಪ್ರಶ್ನೆಗೆ ಅರ್ಧ ಚಾಡಿಗಳು ಸತ್ತೇ ಹೋಗುತ್ತಿದ್ದವು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು ನಾನು ಸಂದರ್ಶನಕ್ಕೆ ಹೊರಟಾಗ, ತಲೆ ಬಾಚುತ್ತ ಅವಳು ಹೇಳಿದ್ದು ಇಷ್ಟೇ: "ಕೇಳಿದ್ದಕ್ಕ ಉತ್ತರಾ ಕೊಡು. ಕೇಳಲಾರದ್ದನ್ನ ಅವರs ಹೇಳಕೊಂಡ್ರ, ಅಲ್ಲಿ ತಡಿ."

ಸಂದರ್ಶನದಲ್ಲಿ ಟೈಪಿಂಗ್ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಉಳಿದದ್ದೆಲ್ಲ ಮದುವೆಯದು. ಗೊತ್ತಾಗಿದೆಯೇ, ಯಾವಾಗ, ಹುಡುಗ ಯಾವ ಊರಿನವನು. ಕೇಳಿದವರು ಸೆಕ್ಷನ್ನಿನ ಸುಪರಿಂಟೆಂಡೆಂಟ್ ಇನಾಮದಾರ ಸಾಹೇಬರು. ದಪ್ಪ ಚಸ್ಮಾ, ಕೋಟಿನ ಮೇಲಿನ ಕಿಸೆಯಲ್ಲಿ ಸಣ್ಣ ಅಡಕೊತ್ತು, ಮೆತ್ತನೆಯ ದನಿ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ನಮ್ಮ ಕೆಲಸ ಸಲೀಸಾಗುತ್ತಿತ್ತು.

ಮಶೀನ್ ಸೆಕ್ಷನ್ ಎಂದರೆ ಏನೆಂದು ಹೇಳಬೇಕು. ಕಾರಖಾನೆಗಳಿಗೆ ಬೇಕಾದ ಬೋಲ್ಟು, ಬಣ್ಣ, ಎಣ್ಣೆ, ತಂತಿ ಎಲ್ಲದರ ಲೆಕ್ಕ ನಮ್ಮ ಕಚೇರಿಯಲ್ಲಿ. ಒಂದೊಂದು ಸಾಮಾನಿಗೆ ಒಂದು ಅಂಕಿ. ಗೋದಾಮಿನಿಂದ ಬಂದ ಚೀಟಿ ನೋಡಿ ಒಬ್ಬಾಕೆ ದಪ್ಪ ಕಾಗದದ ಕಾರ್ಡಿನ ಮೇಲೆ ಮಶೀನಿನಿಂದ ತೂತು ಹೊಡೆಯುವಳು. ಅವಳು ಪಂಚರ್. ಅದೇ ಚೀಟಿ, ಅದೇ ಕಾರ್ಡು ಇನ್ನೊಬ್ಬಾಕೆಯ ಹತ್ತಿರ ಬರುವವು. ಅವಳು ಚೀಟಿಯನ್ನು ಹೊಸದಾಗಿ ಓದಿ, ಇನ್ನೊಂದು ಮಶೀನಿನ ಮೇಲೆ ಅದೇ ಅಂಕಿಗಳನ್ನು ಮತ್ತೊಮ್ಮೆ ಒತ್ತುವಳು. ಎರಡೂ ತಾಳೆಯಾದರೆ ಕಾರ್ಡು ಮುಂದೆ. ಆಗದಿದ್ದರೆ ಮಶೀನು ಗಕ್ಕನೆ ನಿಂತು ಕೆಂಪು ದೀಪ ಹತ್ತುತ್ತಿತ್ತು. ಈ ಎರಡನೆಯವಳೇ ವೆರಿಫೈಯರ್. ಅವಳಿಗೆ ಎರಡು ಕಟ್ಟಳೆ: ತಾನು ಹೊಡೆದ ಕಾರ್ಡನ್ನು ತಾನೇ ನೋಡಬಾರದು, ಮತ್ತು ಮೊದಲಿನವಳನ್ನು "ನೀ ಏನಂತ ಓದಿದಿ?" ಎಂದು ಕೇಳಬಾರದು. ಕೇಳಿದೆಯೋ, ನಿನ್ನ ಕಣ್ಣು ಅವಳ ಕಣ್ಣಾಯಿತು, ತಪ್ಪು ಇಬ್ಬರ ನಡುವೆ ನುಸುಳಿ ಹೋಯಿತು.

ನನ್ನ ಜೋಡಿ ರುಕ್ಮಿಣಿ. ಎರಡು ಮಕ್ಕಳ ತಾಯಿ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಅವಳು ಪಂಚರ್, ನಾನು ವೆರಿಫೈಯರ್. ಮೊದಲ ವಾರ ನನಗೆ ಸಂಕೋಚ. ಅವಳ ಕಾರ್ಡು ತಪ್ಪೆಂದು ದೀಪ ಹತ್ತಿದಾಗಲೆಲ್ಲ ಆಕೆಯ ಮುಖ ನೋಡುತ್ತಿದ್ದೆ. ಅವಳೇ ಬೈದಳು: "ನನ್ನ ಮಾರಿ ನೋಡಾಕ ನಿನ್ನ ಇಟ್ಟಾರೇನು? ನನ್ನ ಮ್ಯಾಲೆ ಸಂಶಯಾ ಪಡು. ಸಂಶಯಾ ಪಡದಿದ್ರ ನಾ ಸಿಗಬೀಳ್ತೇನಿ."

ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ. ದಿನವೂ ಧಾರವಾಡದಿಂದ ಬಸ್ಸು. ಸತ್ತೂರು ದಾಟಿ ರಾಯಾಪುರದ ಹತ್ತಿರ ಆ ಬಸ್ಸು ವಾರಕ್ಕೊಮ್ಮೆಯಾದರೂ ನಿಂತುಬಿಡುತ್ತಿತ್ತು. ತಡವಾಗಿ ಹೋದರೆ ಸಾಹೇಬರು ಬಯ್ಯುತ್ತಿರಲಿಲ್ಲ. ಅಡಕೆ ಕತ್ತರಿಸುತ್ತ, "ಗಂಡಿನ ಕಡಿಯವರು ಬಂದಿದ್ರೇನು?" ಎನ್ನುವರು. ಬಸ್ಸು ಕೆಟ್ಟಿತ್ತು ಎಂದರೆ, "ಹೌದೌದು, ಬಸ್ಸು" ಎಂದು ನಗುವರು. ಅವರ ಪ್ರಕಾರ ಮದುವೆಯಾಗದವಳು ಇವತ್ತೋ ನಾಳೆಯೋ ಕೆಲಸ ಬಿಡುವವಳು. ಮದುವೆಯಾದವಳು ಇವತ್ತೋ ನಾಳೆಯೋ ಬಸುರಾಗುವವಳು. ಹಡೆದವಳ ಮನಸ್ಸು ಮನೆಯಲ್ಲಿ. ಈ ಮೂರರ ಹೊರಗೆ ನಾಲ್ಕನೆಯ ಹೆಂಗಸನ್ನು ಅವರು ಕಂಡಿರಲಿಲ್ಲ.

ಒಂದು ಸಲ ಗೋದಾಮಿಗೆ ಬೋಲ್ಟುಗಳ ಬದಲು ಕಂದೀಲಿನ ಬತ್ತಿ ಬಂದು ಬಿತ್ತು. ಒಂದಿಷ್ಟಲ್ಲ, ಚೀಲಗಟ್ಟಲೆ. ಯಾರೋ ಏಳನ್ನು ಒಂದು ಎಂದು ಓದಿದ್ದರು. ಸಾಹೇಬರು ನೆಟ್ಟಗೆ ರುಕ್ಮಿಣಿಯ ಮಶೀನಿನ ಹತ್ತಿರ ಬಂದರು.

"ರುಕ್ಮಿಣಿಬಾಯಾರ, ನಿಮ್ಮ ಲಕ್ಷ್ಯ ಎಲ್ಲಿರತದರಿ? ಸಣ್ಣ ಮಗಗ ಇನ್ನೂ ಆರಾಮಿಲ್ಲೇನು?"

ರುಕ್ಮಿಣಿ ಶಾಂತವಾಗಿ ಹೇಳಿದಳು: "ಸಾಹೇಬರ, ಅವತ್ತ ನಾ ಬಂದಿದ್ದಿಲ್ಲರಿ. ಮಗಗ ಜ್ವರಾ ಅಂತ ರಜಾ ಹಾಕಿದ್ದೆ. ಆ ಕಾರ್ಡು ಹೊಡದ ಬದಲಿ ಹುಡುಗಿನs ವೆರಿಫೈನೂ ಮಾಡ್ಯಾಳ. ಅವಸರ ಅದ, ಒಬ್ಬಾಕಿನs ಎರಡೂ ಮಾಡಲಿ ಅಂತ ನೀವs ಹೇಳಿದ್ರಂತ."

ಸಾಹೇಬರು ಅಡಕೊತ್ತು ತೆಗೆದು ಒಂದು ಅಡಕೆ ಕತ್ತರಿಸಿದರು. ಆಮೇಲೆ ಹೇಳಿದರು: "ನೋಡ್ರಿ ಮತ್ತ. ನೀವು ಮಗನ ಸಲುವಾಗಿ ರಜಾ ಹಾಕಿದ್ದಕ್ಕs ಹಿಂಗಾತು."

ಆ ಬತ್ತಿಗಳು ಮುಂದೆ ಎಷ್ಟೋ ಕಾಲ ಕಚೇರಿಯವರ ಮನೆಮನೆಯಲ್ಲೂ ಉರಿದವು. ನಮ್ಮ ಸೆಕ್ಷನ್ನಿನಲ್ಲಿ ಯಾರು ಏನು ತಪ್ಪಿದರೂ "ರುಕ್ಮಿಣಿ ಮಗಗ ಜ್ವರಾ ಬಂದದ" ಎನ್ನುವುದು ಗಂಡಸರ ಚೇಷ್ಟೆಯಾಯಿತು. ರುಕ್ಮಿಣಿಯೂ ನಗುತ್ತಿದ್ದಳು. ಆ ನಗು ಖರೇ ಅಲ್ಲವೆಂದು ನನಗೆ ಗೊತ್ತಾಗಲು ನಾನೂ ತಾಯಿಯಾಗಬೇಕಾಯಿತು.

ಕಿಟಕಿಯ ಹತ್ತಿರ ಒಂದು ಮೇಜಿತ್ತು. ಬಾಗಿದ ಕಾರ್ಡುಗಳನ್ನು ಒತ್ತಿ ಸರಿಮಾಡುವುದು, ಕಟ್ಟು ಕಟ್ಟುವುದು, ಮೇಲೆ ಚೀಟಿ ಅಂಟಿಸುವುದು ಅಲ್ಲಿಯ ಕೆಲಸ. ಬಸುರಿಯಾದವಳನ್ನು, ಹೆರಿಗೆ ರಜೆ ಮುಗಿಸಿ ಬಂದವಳನ್ನು ಸಾಹೇಬರು ಅಲ್ಲಿ ಕೂಡಿಸುತ್ತಿದ್ದರು. "ಹಗುರ ಕೆಲಸ, ಛಲೋ ಗಾಳಿ" ಎನ್ನುವರು. ರುಕ್ಮಿಣಿ ಅದಕ್ಕೆ ಬಾಣಂತಿ ಹೊರಸು, ಅಂದರೆ ಬಾಣಂತಿಯ ಮಂಚ, ಎಂದು ಹೆಸರಿಟ್ಟಿದ್ದಳು. ಅವಳು ಎರಡು ಸಲ ಅಲ್ಲಿ ಕೂತು ಬಂದಿದ್ದಳು. ಎರಡು ಸಲವೂ ಮದುವೆಯಾಗಿ ಹೋದ ಹುಡುಗಿಯರ ಜಾಗ ಖಾಲಿ ಬಿದ್ದಾಗಲೇ ಅವಳಿಗೆ ಮಶೀನು ಮತ್ತೆ ಸಿಕ್ಕಿದ್ದು. "ಮನ್ಯಾಗಿನ ಹೊರಸಿನಿಂದ ನಲವತ್ತು ದಿನಕ್ಕ ಏಳಬಹುದು. ಈ ಹೊರಸು ಒಮ್ಮೆ ಹಿಡೀತಂದ್ರ ಬಿಡಂಗಿಲ್ಲ ನೋಡು," ಎನ್ನುತ್ತಿದ್ದಳು.

ನನ್ನ ಮದುವೆಯಾಗಿ ನಾನು ಹುಬ್ಬಳ್ಳಿಗೇ ಬಂದೆ. ನಮ್ಮ ಮನೆಯವರು ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ನಾವಿಬ್ಬರು. ಅದೇ ಸುಮಾರಿಗೆ, ಅರವತ್ತರ ದಶಕದ ಆರಂಭದಲ್ಲಿ, ಸೆಕ್ಷನ್ನಿಗೆ ಒಂದು ದೊಡ್ಡ ಮಶೀನು ಬಂತು. ನಮ್ಮ ಕಾರ್ಡುಗಳನ್ನು ಓದಿ, ತಾನೇ ಕೂಡಿಸಿ, ಕಾಗದದ ಮೇಲೆ ಅಚ್ಚು ಹಾಕುವಂಥದು. ಅದರ ಪಕ್ಕೆಯಲ್ಲಿ ಒಂದು ಹಲಗೆ, ಹಲಗೆಯ ತುಂಬ ತೂತುಗಳು. ಯಾವ ತೂತಿನಿಂದ ಯಾವುದಕ್ಕೆ ತಂತಿ ಚುಚ್ಚುತ್ತೀರಿ ಎನ್ನುವುದರ ಮೇಲೆ ಮಶೀನು ಏನು ಮಾಡಬೇಕೆಂಬುದು ನಿರ್ಧಾರವಾಗುತ್ತಿತ್ತು. ನೀವು ಈಗ ಪ್ರೋಗ್ರಾಂ ಎನ್ನುತ್ತೀರಲ್ಲ, ಅದನ್ನು ನಾವು ಆಗ ಕೈಯಿಂದ ಹೆಣೆಯುತ್ತಿದ್ದೆವು.

ಮಶೀನು ಕೂಡಿಸಲು ಬಂದ ಮದ್ರಾಸಿನ ಇಂಜಿನಿಯರರು ಮಧ್ಯಾಹ್ನ ಊಟಕ್ಕೆ ಹೋಗುವಾಗ ಹಲಗೆಯನ್ನು ತೆರೆದಿಟ್ಟು ಹೋಗುವರು. ನಾನು ಬುತ್ತಿಯ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ನೋಡುತ್ತಿದ್ದೆ. ಉಪ್ಪಿನಬೆಟಗೇರಿಯಲ್ಲಿ ಕೌದಿ ಹೊಲಿಯುವಾಗ ಅಮ್ಮ ಹಿಂದಿನ ಬದಿ ತಿರುವಿ ದಾರ ನೋಡುತ್ತಿದ್ದಳು, ಹಾಗೆಯೇ. ಒಂದು ದಿನ ಅವರು ಬೇಗ ಬಂದುಬಿಟ್ಟರು. ಬಯ್ಯುತ್ತಾರೆ ಅಂದುಕೊಂಡರೆ, ಖಾಲಿ ಹಲಗೆಯೊಂದನ್ನು ಕೊಟ್ಟು, "ಹಾಕಿ ನೋಡಿ ಅಮ್ಮಾ" ಎಂದರು. ಹಾಕಿದೆ. ಒಂದೇ ತಂತಿ ತಪ್ಪಿತ್ತು. ಹೋಗುವಾಗ ಅವರು ಎಲ್ಲರೆದುರಿಗೆ ಸಾಹೇಬರಿಗೆ ಹೇಳಿದರು: "ಬಾಂಬೆಯಲ್ಲಿ ಹಲಗೆ ಕೆಲಸದ ತರಬೇತಿ ಇದೆ. ನಿಮಗೆ ಒಂದು ಜಾಗ ಕೊಡುತ್ತಾರೆ. ಇವರನ್ನು ಕಳಿಸಿ ಸಾರ್."

ಆ ತರಬೇತಿ ಮುಗಿಸಿ ಬಂದವರಿಗೆ ದೊಡ್ಡ ಮಶೀನು. ಹೋಗದವರಿಗೆ ಜನ್ಮವಿಡೀ ಕಾರ್ಡು. ಇದು ಎಲ್ಲರಿಗೂ ಗೊತ್ತಿತ್ತು. ನನಗೆ ಆ ಹಲಗೆ ಬೇಕಿತ್ತು. ಹೊಟ್ಟೆಯಲ್ಲಿ ಕೂಸು ನಿಂತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ರುಕ್ಮಿಣಿಗೆ ಹೇಳಿದೆ. ಹೆಸರು ಕಳಿಸುವ ತನಕ ಇದನ್ನು ಬಚ್ಚಿಡಬೇಕೆಂದು ಅವಳು ಹೇಳಿದಳು. ಅದು ಸುಲಭವಲ್ಲ. ಸಾಹೇಬರಿಗೆ ಬೇಹು ಬಹಳ. ಗೇಟಿನ ಹತ್ತಿರ ಹುಸೇನಬಿ ಎಂಬ ಮುದುಕಿ ಪೇರಲ, ಮಾವಿನಕಾಯಿ ಮಾರುತ್ತಿದ್ದಳು. ಹುಳಿ ಯಾರು ಒಯ್ಯುತ್ತಾರೆಂದು ಸಾಹೇಬರು ಅವಳನ್ನು ವಿಚಾರಿಸುವರು. ಹುಸೇನಬಿ ಬಹಳ ಭಕ್ತಿಯಿಂದ ಉತ್ತರ ಕೊಟ್ಟಿದ್ದಳಂತೆ: "ದಿನಾ ತಪ್ಪದs ಹುಳಿ ಮಾವಿನಕಾಯಿ ಒಯ್ಯೋರು ಅಂದ್ರ ನಿಮ್ಮ ಪಾಟೀಲ ಸಾಹೇಬ್ರು ನೋಡ್ರಿ." ಪಾಟೀಲ ನಮ್ಮ ಸೆಕ್ಷನ್ನಿನ ಸಣ್ಣ ವಯಸ್ಸಿನ ಗುಮಾಸ್ತ. ಪಾಪ, ಆ ವಿಷಯ ತಿಳಿದಂದಿನಿಂದ ಅವನು ಮಾವಿನಕಾಯಿಯ ಕಡೆ ನೋಡಲಿಲ್ಲ.

ಫಜೀತಿ ಆದದ್ದು ಬಳೆಯಿಂದ. ಕೀಲಿಗೆ ತಾಕುತ್ತವೆ, ಸಪ್ಪಳವಾಗುತ್ತದೆ ಎಂದು ಕೈಗೊಂದು ಬಳೆ ಇಟ್ಟುಕೊಂಡು ಉಳಿದವನ್ನು ತೆಗೆದು ಕೂಡಬೇಕೆಂದು ನಮಗೆ ಅಪ್ಪಣೆ. ಐದು ತಿಂಗಳಾದಾಗ ಅತ್ತೆ ಒಂದು ಭಾನುವಾರ ನನಗೆ ಬಸುರಿಯ ಕುಬುಸದ ಶಾಸ್ತ್ರ ಮಾಡಿ ಎರಡೂ ಕೈತುಂಬ ಹಸಿರು ಬಳೆ ಇಡಿಸಿದರು. ಹೆರಿಗೆಯಾಗುವ ತನಕ ಅವನ್ನು ತೆಗೆಯುವಂತಿಲ್ಲ. ಸೋಮವಾರ ನಾನು ಎರಡೂ ಮುಂಗೈಗೆ ಹಳೆಯ ಧೋತರದ ಪಟ್ಟಿ ಸುತ್ತಿಕೊಂಡು ಹೋದೆ.

"ಕೈಗೇನಾತ್ರಿ ನೀಲಾಬಾಯಿ?"

"ಉಳಕೇದ್ರಿ ಸಾಹೇಬರ."

"ಎರಡೂ?"

"ರೊಟ್ಟಿ ಹಿಟ್ಟು ನಾದಿ ನಾದಿ, ಎರಡೂ ಉಳಕ್ಯಾವರಿ."

ಅವರು ಹೋದರು, ಆದರೆ ನಂಬಿ ಹೋಗಲಿಲ್ಲ. ಮರುದಿನ ಹತ್ತು ಗಂಟೆಗೆ ನಾನು ಹೋಗಿ ನೋಡುತ್ತೇನೆ, ಸೆಕ್ಷನ್ನಿನ ಹೆಂಗಸರೆಲ್ಲ, ಮದುವೆಯಾಗದ ಹುಡುಗಿಯರು ಸಹ, ಎರಡೂ ಮುಂಗೈಗೆ ಬಟ್ಟೆ ಸುತ್ತಿಕೊಂಡು ಕಾರ್ಡು ಹೊಡೆಯುತ್ತಿದ್ದಾರೆ. ನಡುವೆ ರುಕ್ಮಿಣಿ ಗಂಭೀರವಾಗಿ ಕೂತಿದ್ದಾಳೆ. ಸಾಹೇಬರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದರು. "ಇದೇನಿದು?" ಎಂದರು. "ಈ ಸಲದ ಜ್ವಾಳದ ಹಿಟ್ಟು ಭಾಳ ಬಿರಸು ಅದರಿ," ಎಂದಳು ರುಕ್ಮಿಣಿ.

ಎರಡು ತಿಂಗಳು ಹೀಗೆ ನಡೆಯಿತು. ಹೆಸರು ಕಳಿಸುವ ಅಪ್ಪಣೆ ಮಾತ್ರ ಬರಲೇ ಇಲ್ಲ. ಹೊಟ್ಟೆ ಬಟ್ಟೆಯ ಪಟ್ಟಿಗೆ ಅಡಗುವಂಥದಲ್ಲ. ನಾನು ಹೆರಿಗೆಗೆ ಉಪ್ಪಿನಬೆಟಗೇರಿಗೆ ಹೋದೆ. ಹೆಣ್ಣು ಹುಟ್ಟಿತು. ಗಂಗಾ ಎಂದು ಹೆಸರಿಟ್ಟೆವು.

ಮರಳಿ ಬಂದ ದಿನ ಸಾಹೇಬರು ಎದ್ದು ನಿಂತು ಮಾತಾಡಿಸಿದರು. "ಬರ್ರಿ ಬರ್ರಿ. ಕೂಸು ಆರಾಮ ಅದಿಲ್ಲೋ? ಭಾಳ ಬಡವಾಗೀರಿ. ಮಶೀನ್ ಮ್ಯಾಲೆ ಕೂಡಬ್ಯಾಡ್ರಿ ಸದ್ಯೇಕ. ನಿಮ್ಮ ಒಳ್ಳೇದಕ್ಕ ಹೇಳ್ತೇನಿ." ಕಿಟಕಿಯ ಹತ್ತಿರದ ಮೇಜಿನ ಧೂಳನ್ನು ತಮ್ಮ ಕೈವಸ್ತ್ರದಿಂದ ತಾವೇ ಒರೆಸಿದರು. ಅಂಥ ಮನುಷ್ಯನ ಜೊತೆ ಹೇಗೆ ಜಗಳವಾಡುತ್ತೀರಿ? ಕೂತೆ. ಗಾಳಿ ಖರೇ ಛಲೋ ಇತ್ತು. ಮಧ್ಯಾಹ್ನ ಅತ್ತೆ ಕೂಸನ್ನು ಎತ್ತಿಕೊಂಡು ಗೇಟಿನ ಬೇವಿನ ಗಿಡದ ಕೆಳಗೆ ಬರುತ್ತಿದ್ದರು. ಹುಸೇನಬಿ ತನ್ನ ಬುಟ್ಟಿ ಸರಿಸಿ ಸೆರಗು ಅಡ್ಡ ಹಿಡಿಯುವಳು, ನಾನು ಹಾಲು ಕುಡಿಸಿ ಬರುವೆ. ಮರಳಿ ಬಂದು ಬಾಗಿದ ಕಾರ್ಡು ಒತ್ತುವೆ. ಆಚೆ ಮಶೀನುಗಳ ಸಪ್ಪಳ ಕೇಳಿದಾಗ ಬೆರಳುಗಳು ತಾವೇ ಮೇಜಿನ ಮೇಲೆ ಆಡುತ್ತಿದ್ದವು.

ಒಂದು ದಿನ ಪಾಟೀಲ ಪೇಢೆ ಹಂಚಿದ. ಬಾಂಬೆ ತರಬೇತಿಗೆ ಅವನ ಹೆಸರು ಹೋಗಿತ್ತು.

ನಾನು ಸಾಹೇಬರ ಮೇಜಿಗೆ ಹೋದೆ. ಅವರು ಪೇಢೆ ತಿನ್ನುತ್ತಿದ್ದರು. "ನಿಮ್ಮ ಹೆಸರs ಇತ್ತರಿ ನೀಲಾಬಾಯಿ. ಆದ್ರ ನಿಮ್ಮ ಮನಿಯವರು ಹೇಳಿ ಕಳಿಸಿದ ಮ್ಯಾಲೆ ನಾ ಏನ್ ಮಾಡ್ಲಿ?"

"ಮನಿಯವರು? ಏನಂತ ಹೇಳಿ ಕಳಿಸ್ಯಾರ್ರಿ?"

"ಇರಲಿ ಬಿಡ್ರಿ. ಅವರ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಕೂಸಿನ ಸಲುವಾಗಿ ಅಂದಾರ."

ಆ ದಿನ ಮನೆಗೆ ಹೇಗೆ ಬಂದೆನೋ. ಮನೆಯವರನ್ನು ಕೇಳಿದರೆ, "ನಾ ಯಾಕ ಹೇಳ್ಲಿ? ನಿಮ್ಮ ಸಾಹೇಬ ಕರ್ರಗ ಅದಾನೋ ಕೆಂಪಗ ಅದಾನೋ ನನಗ ಗೊತ್ತಿಲ್ಲ," ಎಂದರು. ಹೇಳಿದವರು ಹೀಗೇ ಅನ್ನುತ್ತಾರೆ ಎಂದುಕೊಂಡೆ. ಅತ್ತೆಯನ್ನು ಕೇಳಲಿಲ್ಲ, ನೋಡುತ್ತಲೇ ಇದ್ದೆ. ದಿನಾ ಗೇಟಿನ ತನಕ ಬರುವವರು ಅವರೇ ತಾನೇ? ಕೂಸನ್ನು ಕೊಡುವಾಗ ಅವರು ಯಾರ ಕಡೆ ನೋಡುತ್ತಾರೆ, ಸಾಹೇಬರು ಆಚೆ ಹಾದುಹೋದರೆ ಸೆರಗು ಎಳೆದುಕೊಳ್ಳುತ್ತಾರೋ ಮಾತಾಡುತ್ತಾರೋ. ರುಕ್ಮಿಣಿಯನ್ನೂ ಬಿಡಲಿಲ್ಲ. ನಾನು ಬಾಂಬೆಗೆ ಹೋದರೆ ಅವಳು ಕಾರ್ಡಿನಲ್ಲೇ ಉಳಿಯುವಳು. ಹೊಟ್ಟೆಕಿಚ್ಚು ಯಾರಿಗೆ ಇರುವುದಿಲ್ಲ? ನಮ್ಮ ಮನೆಯವರೇ ಹೇಳಿ ಕಳಿಸಿದ್ದಾರೆಂದು ಅವಳೇ ಸಾಹೇಬರಿಗೆ ಒಂದು ಮಾತು ಉಸುರಿರಬಹುದು. ಮನೆಯಲ್ಲಿ ಮಾತು ನಿಂತಿತು. ಅತ್ತೆ ರೊಟ್ಟಿ ಬಡಿಯುತ್ತ ಒಮ್ಮೆ, "ಏನವಾ, ನಾನೇನರ ಕದ್ದೇನೇನು? ಹಂಗ್ಯಾಕ ನೋಡ್ತೀ?" ಎಂದರು. ನಾನು ಎದ್ದು ಹೋದೆ.

ಹಾದಿ ತೋರಿಸಿದ್ದು ಆ ದರಿದ್ರ ಮೇಜೇ. ಬಾಗಿದ ಕಾರ್ಡುಗಳಲ್ಲಿ ವೆರಿಫೈ ಆಗದೆ ಉಳಿದದ್ದೊಂದು ಕೈಗೆ ಬಂತು. ಅದನ್ನು ಬೇರೆ ಇಡುವಾಗ ಹೊಳೆಯಿತು: ನಾನು ಕೇಳಿದ್ದು ಒಂದೇ ಕಡೆಯ ಮಾತು. ಒಮ್ಮೆ ಒತ್ತಿದ್ದನ್ನೇ ಖರೇ ಎಂದು ಹಿಡಿದು ಮೂವರ ಮೇಲೆ ಸಂಶಯಪಡುತ್ತಿದ್ದೇನೆ. ಒತ್ತಿದವರ ಮೇಲೆ ಮಾತ್ರ ಪಟ್ಟಿಲ್ಲ.

ಕಟ್ಟಳೆ ಗೊತ್ತೇ ಇತ್ತು. ಮೊದಲಿನ ಓದನ್ನು ಎರಡನೆಯವರಿಗೆ ಹೇಳಬಾರದು. ರುಕ್ಮಿಣಿ ನೀರು ಕುಡಿಯಲು ಬಂದಾಗ, ಸಾಹೇಬರು ನನಗೆ ಏನು ಹೇಳಿದರೆಂಬುದನ್ನು ಬಾಯಿಬಿಡದೆ, ಇಷ್ಟೇ ಕೇಳಿದೆ: "ನಾ ಬಾಂಬೆಕ್ಕ ಯಾಕ ಹೋಗಲಿಲ್ಲಂತ ನಿನಗೇನು ಹೇಳ್ಯಾರ?"

ರುಕ್ಮಿಣಿ ಲೋಟ ಕೆಳಗಿಟ್ಟಳು. "ಈಗ ಕೇಳಾಕ ಬಂದೇನು? ನೀನs ಹೋಗಿ, ಕೂಸಿನ್ನ ಬಿಟ್ಟು ಇರಂಗಿಲ್ಲರಿ ಅಂತ ಅವರ ಮುಂದ ಅತ್ತಿಯಂತ. ನನಗ ಎಷ್ಟ ಸಿಟ್ಟ ಬಂದಿತ್ತು ಗೊತ್ತೇನು? ಎರಡು ತಿಂಗಳು ನಿನ್ನ ಸಲುವಾಗಿ ಕೈಗೆ ಬಟ್ಟಿ ಸುತಗೊಂಡು ಬೆವತೀವಿ!"

ನನಗೆ ಕೆಂಪು ದೀಪ ಕಂಡಿತು. ಅಲ್ಲಿಂದ ಪಾಟೀಲನ ಹತ್ತಿರ ಹೋದೆ. ಅದೇ ಪ್ರಶ್ನೆ. ಅವನು ಎದ್ದು ನಿಂತ. "ಡಾಕ್ಟರು ನಿಮಗ ಊರು ಬಿಟ್ಟು ಹೋಗಬ್ಯಾಡ ಅಂದಾರ ಅಂದ್ರು ಅಕ್ಕಾರ. ಈಗ ಆರಾಮಿದ್ದೀರೇನ್ರಿ? ನನಗ ಪೇಢೆ ಹಂಚೂ ಮುಂದ ಜೀವ ಸುಡತಿತ್ತರಿ."

ಒಂದೇ ಚೀಟಿಗೆ ಮೂರು ಅಂಕಿ. ನಾನು ಎತ್ತರದ ದನಿಯವಳಲ್ಲ. ಆದರೆ ಅವತ್ತು ಮಶೀನುಗಳು ನಡೆದಿದ್ದವು, ಕೂಗದಿದ್ದರೆ ಕೇಳುತ್ತಿರಲಿಲ್ಲ. ಸಾಹೇಬರ ಮೇಜಿನ ಮುಂದೆ ನಿಂತು ಕೂಗಿಯೇ ಕೇಳಿದೆ.

"ಸಾಹೇಬರ, ನನ್ನ ಮುಂದ ನಮ್ಮ ಮನಿಯವರು ಅಂದ್ರಿ. ರುಕ್ಮಿಣಿ ಮುಂದ ನಾನs ಕಣ್ಣೀರು ಹಾಕಿದೆ ಅಂದ್ರಿ. ಪಾಟೀಲರ ಮುಂದ ಡಾಕ್ಟರು ಅಂದ್ರಿ. ಇದರಾಗ ಯಾರು ಹೇಳಿದ್ರು?"

ಒಂದೊಂದೇ ಮಶೀನು ನಿಂತಿತು. ಸಾಹೇಬರು ಸಿಟ್ಟಾಗಲಿಲ್ಲ, ಹೆದರಲೂ ಇಲ್ಲ. ಚಸ್ಮಾ ತೆಗೆದು ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ.

"ಅದನ್ನ ಯಾರರ ಹೇಳಬೇಕೇನ್ರಿ ನೀಲಾಬಾಯಿ? ಕೂಸಿನ ತಾಯಿ ಅಂದ ಮ್ಯಾಲೆ ಗೊತ್ತಿದ್ದದ್ದs ಅಲ್ಲೇನು?"

ಯಾರೂ ಹೇಳಿರಲಿಲ್ಲ. ನಮ್ಮ ಮನೆಯವರಲ್ಲ, ಅತ್ತೆಯಲ್ಲ, ಯಾವ ಡಾಕ್ಟರೂ ಅಲ್ಲ. ಗೊತ್ತಿದ್ದದ್ದೇ ಎಂದುಕೊಂಡ ಒಂದು ಮಾತನ್ನು ಅವರು ಕೇಳಿದವರಿಗೆ ತಕ್ಕಂತೆ ಒಬ್ಬೊಬ್ಬರ ಬಾಯಲ್ಲಿಟ್ಟಿದ್ದರು, ಅಷ್ಟೇ. ಅದು ಸುಳ್ಳು ಎಂದು ಅವರಿಗೆ ಅನಿಸಿರಲೂ ಇಲ್ಲ. ನಾನು ಒಬ್ಬ ವೈರಿಯನ್ನು ಹುಡುಕಿಕೊಂಡು ಮನೆಯ ಮೂಲೆ ಮೂಲೆ ನೋಡಿದ್ದೆ.

"ಹಂಗಾರ ಈಗ ನಾ ಹೇಳ್ತೇನಿ ಕೇಳ್ರಿ. ನಾ ಹೋಗಾಕ ತಯಾರಿದ್ದೆ. ಈಗೂ ಇದ್ದೇನಿ."

"ಹೆಸರು ಹೋಗೇದಲ್ರಿ..."

"ಹೋಗಲಿ. ಮುಂದಿನ ಸಲ ನನ್ನ ಕೇಳ್ರಿ. ನನ್ನನ್ನs ಕೇಳ್ರಿ."

ಕಿಟಕಿಯ ಮೇಜಿಗೆ ಹಿಂತಿರುಗಲಿಲ್ಲ. ನನ್ನ ಮಶೀನಿನ ಮೇಲೆ ಹೊಸ ಹುಡುಗಿ ಕೂತಿದ್ದಳು. ಪಕ್ಕದ ಖಾಲಿ ಮಶೀನಿನ ಹೊದಿಕೆ ತೆಗೆದು ಕೂತೆ. ರುಕ್ಮಿಣಿ ತನ್ನ ಕಾರ್ಡಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಸಾಹೇಬರು ಅಡಕೆ ಕತ್ತರಿಸತೊಡಗಿದರು. ಯಾರೂ ನನ್ನನ್ನು ಏಳು ಎನ್ನಲಿಲ್ಲ.

ಆ ಸಲ ಪಾಟೀಲನೇ ಬಾಂಬೆಗೆ ಹೋದ, ಬಂದು ದೊಡ್ಡ ಮಶೀನಿನ ಮುಂದೆ ಕೂತ. ಒಳ್ಳೆಯ ಹುಡುಗ, ಹಲಗೆ ಕೆಟ್ಟಾಗ ನನ್ನನ್ನು ಕರೆಯುತ್ತಿದ್ದ. ಆದರೂ ಆ ವರ್ಷಗಳು ನನ್ನವು, ಮರಳಿ ಬರಲಿಲ್ಲ. ಎರಡನೆಯ ದೊಡ್ಡ ಮಶೀನು ಬಂದಾಗ ಗಂಗಾ ಓಡಾಡುತ್ತಿದ್ದಳು. ಸಾಹೇಬರು ಕೇಳಿದರು. ಖರೇ ಹೇಳಬೇಕೆಂದರೆ, ಬಹಳ ಸಂಶಯದಿಂದ ಕೇಳಿದರು, ನಾನು ಅಷ್ಟೇ ಸಂಶಯದಿಂದ ಹೂಂ ಅಂದೆ. ಅತ್ತೆ, "ಹೋಗಿ ಬಾ. ನಾ ಏನು ಕೂಸಿನ್ನ ಮಾರಕೊಂಡು ತಿಂತೇನೇನು?" ಎಂದರು. ಅದನ್ನೂ ಮೊದಲು ನಂಬಲಿಲ್ಲ. ಬಾಂಬೆಯಿಂದ ಬಂದ ದಿನ ಗಂಗಾ ನನ್ನನ್ನು ನೋಡಿ ಅತ್ತೆಯ ಸೀರೆಯ ಹಿಂದೆ ಅವಿತಳು. ಅವಳು ಮತ್ತೆ ನನ್ನ ತೊಡೆಯೇರುವ ತನಕ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ತಿಳಿದಿಲ್ಲ. ಹಲಗೆಯ ಕೆಲಸ ನನಗೆ ಸಿಕ್ಕಿತು. ಅದಕ್ಕೆ ನಾನು ಬೆಲೆ ತೆರಲಿಲ್ಲ ಎಂದು ನಿಮಗೆ ಹೇಳಿದರೆ ನನ್ನನ್ನು ನಂಬಬೇಡಿ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಇನಾಮದಾರ ಸಾಹೇಬರು ನಿವೃತ್ತರಾದರು. ಅವರ ಕುರ್ಚಿಯ ಮೇಲೆ ನಾನು ಕೂತಿದ್ದೆ. ಕಿಟಕಿಯ ಹತ್ತಿರದ ಮೇಜು ಅಲ್ಲೇ ಇತ್ತು. ಒಂದು ಸೋಮವಾರ ಸಾವಿತ್ರಿ ಎಂಬ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಚುರುಕಾದ ವೆರಿಫೈಯರ್, ಎರಡೂ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದಳು.

ನನ್ನ ಕಣ್ಣು ಮೊದಲು ಹೋದದ್ದು ಅವಳ ಕೈಗಲ್ಲ, ಕಿಟಕಿಯ ಮೇಜಿಗೆ. ಪಾಪ, ದಣಿದಿದ್ದಾಳೆ, ಅಲ್ಲಿ ಗಾಳಿ ಚೆನ್ನಾಗಿದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕೈಗೇನಾತ ಸಾವಿತ್ರಿ?"

"ಉಳಕೇದ್ರಿ."

"ಎರಡೂ?"

"ಹಿಟ್ಟು ನಾದಿ ನಾದಿ," ಎಂದಳು. ಹಿಂದೆ ಯಾರೋ ಕಿಸಕ್ಕೆಂದರು.

"ಬಿಚ್ಚs. ನಾಲ್ಕು ಬಳಿ ಸಪ್ಪಳಾ ಮಾಡಿದ್ರ ಮಶೀನೇನು ಸಾಯಂಗಿಲ್ಲ. ನೀ ಯಾವ ಕೆಲಸಾ ಮಾಡ್ತೀ, ಯಾವಾಗಿಂದ ರಜಾ ತಗೋತೀ, ಈ ಸಲ ತರಬೇತಿಗೆ ಹೋಗ್ತೀಯೋ ಇಲ್ಲೋ, ಎಲ್ಲಾ ನೀನs ಹೇಳು."

ಅವಳು ಬಿಚ್ಚಲಿಲ್ಲ. ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು, ಚೀಟಿಯ ಮೇಲಿನ ಗೊಂದಲದ ಅಂಕಿಯನ್ನು ನೋಡುವ ಹಾಗೆ. "ಯಾಕ ಕೇಳಾಕತ್ತೀರಿ?"

"ನನಗ ಗೊತ್ತಿಲ್ಲ, ಅದಕ್ಕ."

"ಬಿಚ್ಚಿದ ಮ್ಯಾಲೆ ನನ್ನ ಎಲ್ಲಿ ಕೂಡಸ್ತೀರಿ?"

"ನಿನ್ನ ಮಶೀನ್ ಮ್ಯಾಲೆ. ನೀ ಏಳ್ತೇನಿ ಅನ್ನೂತನಾ."

ಸಾವಿತ್ರಿ ಕತ್ತು ಹೊರಳಿಸಿ, ಎದುರಿನ ಸಾಲಿನಲ್ಲಿದ್ದ ರುಕ್ಮಿಣಿಯನ್ನು ಕರೆದಳು. "ರುಕ್ಮಿಣಕ್ಕ, ಇಲ್ಲಿ ಬರ್ರಿ ಸ್ವಲ್ಪ." ರುಕ್ಮಿಣಿ ಬಂದಳು. ಅವಳಿಗೆ ಏನನ್ನೂ ಹೇಳದೆ, ಸಾವಿತ್ರಿ ನನ್ನ ಕಡೆ ತಿರುಗಿದಳು.

"ಈಗ ಅಂದ್ರೆಲ್ಲ, ಅದನ್ನ ಇವರ ಮುಂದ ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಹೇಳಿದೆ. ಅವಳು ಕೊನೆಯ ಶಬ್ದದ ತನಕ ಕೇಳಿ, ಆಮೇಲೆ ಬಲಗೈಯ ಪಟ್ಟಿಯ ಗಂಟಿಗೆ ಹಲ್ಲು ಹಚ್ಚಿದಳು. ಎಡಗೈಯದನ್ನು ರುಕ್ಮಿಣಿ ಬಿಚ್ಚಿದಳು. ಹಸಿರು ಬಳೆಗಳು ಒಮ್ಮೆಲೆ ಮುಂಗೈಗೆ ಜಾರಿ ಸಪ್ಪಳ ಮಾಡಿದವು, ಮಶೀನುಗಳ ಆ ಗದ್ದಲದಲ್ಲೂ ಕೇಳುವಷ್ಟು.